ಪುಟ್ಟ ಮಕ್ಕಳ ರಾತ್ರಿ ರೈಲು ಪ್ರಯಾಣ: ಆಸನ, ತೆರೆದ ಬರ್ತ್, ಬಾಗಿಲಿರುವ ಕೋಣೆ

ಕಳೆದ ಮೂರು ವರ್ಷಗಳಲ್ಲಿ ನಾನು ಮತ್ತು ನನ್ನ ಪತಿ ನಮ್ಮ ಇಬ್ಬರು ಮಕ್ಕಳನ್ನು ಕರೆದುಕೊಂಡು, 12 ಗಂಟೆಗಿಂತ ಹೆಚ್ಚು ಹೊತ್ತು ಸಾಗುವ ರಾತ್ರಿ ರೈಲುಗಳಲ್ಲಿ 7 ಬಾರಿ ಪ್ರಯಾಣ ಮಾಡಿದ್ದೇವೆ. ಮೊದಲ ಸಲ ಹೊರಟಾಗ ಮಗಳಿಗೆ 3 ವರ್ಷ, ಮಗನಿಗೆ 8 ತಿಂಗಳು. ಒಮ್ಮೆ ಒರಗುವ ಆಸನಗಳಲ್ಲಿ, ಮೂರು ಬಾರಿ ಆರು ಬರ್ತ್‌ಗಳ ತೆರೆದ ವಿಭಾಗದಲ್ಲಿ, ಎರಡು ಬಾರಿ ನಾಲ್ಕು ಬರ್ತ್‌ಗಳ ಬಾಗಿಲಿರುವ ಕೋಣೆಯಲ್ಲಿ ಮತ್ತು ಒಮ್ಮೆ ಎರಡು ಬರ್ತ್‌ಗಳ ಕೂಪೆಯಲ್ಲಿ ರಾತ್ರಿ ಕಳೆದ ಅನುಭವವನ್ನು ಇಲ್ಲಿ ಹೋಲಿಸುತ್ತಿದ್ದೇನೆ. ಮಕ್ಕಳು ಎಷ್ಟು ಹೊತ್ತು ನಿದ್ದೆ ಮಾಡಿದರು, ಅವರು ಮಲಗಿದ್ದಾಗ ನನಗೂ ಕಣ್ಣು ಮುಚ್ಚುವಷ್ಟು ನೆಮ್ಮದಿ ಇತ್ತೇ ಎಂಬ ಎರಡೇ ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದ್ದೇನೆ.

ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ, ಹಗಲಿನ ನಿದ್ದೆಯೂ ಸೇರಿ 1ರಿಂದ 2 ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, 3ರಿಂದ 5 ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಆಸನದಲ್ಲಿ ಕಳೆದ ರಾತ್ರಿ ಮಗಳಿಗೆ ದಕ್ಕಿದ್ದು ಸುಮಾರು 4 ಗಂಟೆ ಮಾತ್ರ. ದೊಡ್ಡವರ ಅಳತೆಗೆ ಮಾಡಿದ ಆಸನದಲ್ಲಿ ಮಗುವಿನ ಕಾಲು ನೆಲಕ್ಕೆ ಎಟುಕುವುದಿಲ್ಲ, ಆದ್ದರಿಂದ ನಿದ್ದೆ ಹತ್ತಿದೊಡನೆ ಮೈ ಮುಂದಕ್ಕೆ ಜಾರುತ್ತದೆ. ಹಸುಗೂಸಿನ ವಿಷಯ ಇನ್ನೂ ಸೂಕ್ಷ್ಮ: ಕುಳಿತ ಭಂಗಿಯಲ್ಲಿ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗಿದರೆ ಉಸಿರಾಟದ ದಾರಿ ಕಿರಿದಾಗಬಹುದು. ಹೀಗಾಗಿ ನಾವಿಬ್ಬರೂ ಸರದಿಯಂತೆ ಎಚ್ಚರವಿದ್ದು ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡೆವು. ಇಷ್ಟು ಚಿಕ್ಕ ಮಕ್ಕಳೊಂದಿಗೆ ಮತ್ತೊಮ್ಮೆ ಆಸನ ಕಾಯ್ದಿರಿಸುವ ಯೋಚನೆ ನನಗಿಲ್ಲ.

ತೆರೆದ ವಿಭಾಗವು ನಾನು ಎಣಿಸಿದ್ದಕ್ಕಿಂತ ಒಳ್ಳೆಯದಾಗಿತ್ತು, ಅದರಲ್ಲೂ ಮಲಗುವ ಮುಂಚಿನ ಹೊತ್ತಿನಲ್ಲಿ. ಎದುರು ಕುಳಿತ ಅಪರಿಚಿತರು ಮಕ್ಕಳನ್ನು ಮಾತಾಡಿಸುತ್ತಾರೆ, ಪಕ್ಕದ ವಿಭಾಗದಲ್ಲಿ ಮತ್ತೊಂದು ಮಗು ಇದ್ದರಂತೂ ಎರಡು ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ತೊಡಕು ಶುರುವಾಗುವುದು ಮಧ್ಯದ ಬರ್ತ್ ಎತ್ತಿದ ಮೇಲೆ. ಅದನ್ನು ಎತ್ತಿದರೆ ಕೆಳಗೆ ಯಾರೂ ನೆಟ್ಟಗೆ ಕೂರಲಾಗದು, ಎತ್ತದಿದ್ದರೆ ಅದರ ಪ್ರಯಾಣಿಕರಿಗೆ ಮಲಗಲು ಜಾಗವಿಲ್ಲ. ಎಂಟು ಗಂಟೆಗೇ ಕಣ್ಣೆಳೆಯುವ ಮಗು ಮತ್ತು ಹನ್ನೊಂದರವರೆಗೆ ದೀಪ ಉರಿಸಿ ಹರಟುವ ದೊಡ್ಡವರು ಅದೇ ಆರು ಬರ್ತ್‌ಗಳಲ್ಲಿ ಹೊಂದಿಕೊಳ್ಳಬೇಕಾಗುತ್ತದೆ. ಬರ್ತ್‌ನ ಅಂಚಿಗೆ ಚಾದರವನ್ನು ಸಿಕ್ಕಿಸಿ ಬೆಳಕನ್ನು ಮರೆಮಾಡಿದ್ದು ಮಗನಿಗೆ ಸಾಕಾಯಿತು, ಮಗಳಿಗೆ ಸಾಕಾಗಲಿಲ್ಲ.

ಇದೇ ವಿಭಾಗದ ಎರಡನೆಯ ಪ್ರಯಾಣದಲ್ಲಿ, ರಾತ್ರಿ ಎರಡರ ಸುಮಾರಿಗೆ ಎಚ್ಚರಗೊಂಡು ನೋಡಿದಾಗ ಮಗಳ ಜಾಗ ಖಾಲಿಯಿತ್ತು. ಅವಳು ನನ್ನನ್ನು ಎಬ್ಬಿಸದೆ ಶೌಚಾಲಯ ಹುಡುಕುತ್ತ ನಾಲ್ಕು ವಿಭಾಗ ದಾಟಿ ಹೋಗಿದ್ದಳು. ಆ ಒಂದು ನಿಮಿಷದ ಭಯ ನನ್ನನ್ನು ಇನ್ನೂ ಬಿಟ್ಟಿಲ್ಲ. ಅಂದಿನಿಂದ ಮಗುವನ್ನು ಒಳಗಿನ ಗೋಡೆಯ ಬದಿಗೆ ಮಲಗಿಸಿ ನಾನು ಹೊರ ಅಂಚಿನಲ್ಲಿ ಮಲಗುತ್ತೇನೆ. ಇಳಿಯಬೇಕೆಂದರೆ ಅವಳು ನನ್ನನ್ನು ದಾಟಿಯೇ ಇಳಿಯಬೇಕು. ಇಬ್ಬರು ಮಕ್ಕಳಿಗೂ ಹೀಗೆ ಮಾಡಲು ಎರಡು ಕೆಳ ಬರ್ತ್‌ಗಳೇ ಬೇಕು, ಆದರೆ ಆರರಲ್ಲಿ ಕೆಳಗಿನವು ಇರುವುದೇ ಎರಡು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಮನೆಯ ಅಂತಸ್ತಿನ ಮಂಚದಲ್ಲೂ 6 ವರ್ಷದೊಳಗಿನವರನ್ನು ಮೇಲೆ ಮಲಗಿಸಬಾರದು ಎನ್ನುತ್ತದೆ. ಹಠಾತ್ತನೆ ಬ್ರೇಕ್ ಬೀಳುವ ರೈಲಿನಲ್ಲಿ ಆ ಮಾತನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಬೇಕೆಂಬುದು ನನ್ನ ಅಭಿಪ್ರಾಯ. ಒಮ್ಮೆ ನಮಗೆ ಮಧ್ಯದ ಹಾಗೂ ಮೇಲಿನ ಬರ್ತ್‌ಗಳಷ್ಟೇ ಸಿಕ್ಕಾಗ ಸಹಪ್ರಯಾಣಿಕರಿಬ್ಬರು ಕೇಳುವ ಮೊದಲೇ ತಮ್ಮ ಜಾಗ ಬಿಟ್ಟುಕೊಟ್ಟರು. ಅವರನ್ನು ಇಂದಿಗೂ ನೆನೆಯುತ್ತೇನೆ, ಆದರೆ ಕೆಳ ಬರ್ತ್ ಖಚಿತವಾಗದೆ ಈಗ ದಿನಾಂಕವನ್ನೇ ಗೊತ್ತುಮಾಡುವುದಿಲ್ಲ.

ನಾಲ್ಕು ಬರ್ತ್‌ಗಳ ಕೋಣೆಯಲ್ಲಿ ಈ ಚಿಂತೆಯ ಬಹುಪಾಲು ಚಿಲಕ ಹಾಕಿದೊಡನೆ ಇಳಿಯುತ್ತದೆ. ದೀಪ ನಮ್ಮ ಕೈಯಲ್ಲಿರುತ್ತದೆ, ಮಗು ಅತ್ತರೆ ಇತರರ ನಿದ್ದೆ ಕೆಡುವುದೆಂಬ ಸಂಕೋಚವೂ ಕಡಿಮೆ. ಎರಡು ಕೆಳ ಬರ್ತ್‌ಗಳ ನಡುವಿನ ನೆಲದಲ್ಲಿ ಬಟ್ಟೆಯ ಚೀಲಗಳನ್ನು ಒತ್ತಾಗಿ ತುಂಬಿಸಿದೆವು. ನಿದ್ದೆಯಲ್ಲಿ ಉರುಳಿದ ಮಗನಿಗೆ ಪೆಟ್ಟೇ ಆಗಲಿಲ್ಲ. ತೆರೆದ ವಿಭಾಗದಲ್ಲಿ ಹೀಗೆ ಮಾಡಿದರೆ ಇತರರು ಓಡಾಡುವ ಜಾಗ ಮುಚ್ಚಿಹೋಗುತ್ತದೆ. ಕೋಣೆಯಲ್ಲಿ ಎಚ್ಚರಿಕೆ ಬೇಕಾದದ್ದು ಸರಿದಾಡುವ ಬಾಗಿಲಿನ ಬಗ್ಗೆ: ಅರ್ಧ ತೆರೆದಿಟ್ಟರೆ ರೈಲು ತಿರುವಿನಲ್ಲಿ ವಾಲಿದಾಗ ಅದು ತಾನಾಗಿ ಸರಿದು ಪುಟ್ಟ ಬೆರಳುಗಳನ್ನು ಜಜ್ಜಬಲ್ಲದು.

ಕೂಪೆ ನಾಲ್ವರ ಕುಟುಂಬಕ್ಕೆ ಸಲ್ಲದು. ಒಬ್ಬರು ಮೇಲೆ ಹತ್ತಿದರೆ ಮತ್ತೊಬ್ಬರು ಎರಡು ಮಕ್ಕಳೊಡನೆ ಒಂದೇ ಕಿರಿದಾದ ಬರ್ತ್‌ನಲ್ಲಿ ಇಡೀ ರಾತ್ರಿ ಮುದುಡಿಕೊಳ್ಳಬೇಕಾಗುತ್ತದೆ. ಒಬ್ಬರೇ ಒಂದು ಮಗುವನ್ನು ಕರೆದೊಯ್ಯುವುದಾದರೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಬೋಗಿಯ ತುದಿ ಒಳ್ಳೆಯದೋ ನಡುಭಾಗವೋ ಎಂಬುದನ್ನೂ ಪರೀಕ್ಷಿಸಿದೆವು. ಗಾಲಿಗಳು ಎರಡೂ ತುದಿಗಳ ಕೆಳಗಿರುವುದರಿಂದ ಕುಲುಕಾಟ ಅಲ್ಲಿ ಹೆಚ್ಚು, ಶೌಚಾಲಯದ ಬಾಗಿಲಿನ ಸದ್ದೂ ಅಲ್ಲೇ. ಹೊಸದಾಗಿ ಡೈಪರ್ ಬಿಟ್ಟ ಮಗುವಿದ್ದರೆ ಮಾತ್ರ ತುದಿಯನ್ನು ಆರಿಸಿಕೊಳ್ಳಬಹುದು. ಪುಡಿ ಹಾಲು ಕುಡಿಯುವ ಕೂಸಿದ್ದರೆ ಬಿಸಿನೀರಿನ ಫ್ಲಾಸ್ಕ್ ಜೊತೆಗಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರಿನಲ್ಲೇ ಕಲಸಿ, ಆರಿಸಿ ಕುಡಿಸಬೇಕು. ಎರಡು ಗಂಟೆಯೊಳಗೆ ಕುಡಿಯದೆ ಉಳಿದದ್ದನ್ನು ಚೆಲ್ಲಬೇಕು.

ಇಷ್ಟೆಲ್ಲ ಹೋಲಿಸಿದ ಮೇಲೂ, ಬರ್ತ್‌ನ ಬಗೆಗಿಂತ ರೈಲು ಹೊರಡುವ ಹೊತ್ತೇ ಹೆಚ್ಚು ವ್ಯತ್ಯಾಸ ಮಾಡಿತು. ಸಂಜೆ ಏಳಕ್ಕೆ ಹೊರಟ ರೈಲಿನ ತೆರೆದ ವಿಭಾಗದಲ್ಲಿ ಮಕ್ಕಳು ಉಂಡು, ಕಿಟಕಿ ನೋಡಿ, ಒಂಬತ್ತಕ್ಕೆ ಮಲಗಿ ಎಂಟೂವರೆ ಗಂಟೆ ನಿದ್ದೆ ಮಾಡಿದರು. ಹನ್ನೊಂದೂವರೆಗೆ ಹೊರಟ ರೈಲಿನಲ್ಲಿ, ಬಾಗಿಲಿರುವ ಕೋಣೆಯಿದ್ದರೂ, ನಿಲ್ದಾಣದಲ್ಲಿ ಅರೆನಿದ್ದೆಯಿಂದ ಎಬ್ಬಿಸಿದ ಮಕ್ಕಳು ಒಂದು ಗಂಟೆಯವರೆಗೂ ಕಣ್ಣು ಮುಚ್ಚಲಿಲ್ಲ. ಆರು ಗಂಟೆಯ ನಿದ್ದೆಯೂ ಪೂರ್ತಿಯಾಗಲಿಲ್ಲ. ಮುಂದಿನ ಪ್ರಯಾಣಕ್ಕೆ ತಡರಾತ್ರಿಯ ರೈಲಿನ ಕೋಣೆ ಖಾಲಿಯಿದ್ದರೂ ಅದನ್ನು ಬಿಟ್ಟು, ಸಂಜೆಯ ರೈಲಿನ ತೆರೆದ ವಿಭಾಗದಲ್ಲಿ ಎರಡು ಕೆಳ ಬರ್ತ್‌ಗಳನ್ನು ಕಾಯ್ದಿರಿಸಿದ್ದೇವೆ.