ಶಾತೊನಫ್-ದ್ಯು-ಪಾಪ್: ಹಲವು ದ್ರಾಕ್ಷಿಗಳ ಒಂದು ಕೆಂಪು ವೈನ್

ದಕ್ಷಿಣ ಫ್ರಾನ್ಸಿನ ಆವಿನ್ಯೋನ್ ನಗರಕ್ಕೆ ಸಮೀಪದ, 1936ರಲ್ಲೇ ಅಧಿಕೃತ ಮಾನ್ಯತೆ ಪಡೆದ ಶಾತೊನಫ್-ದ್ಯು-ಪಾಪ್ ಪ್ರದೇಶದ ನಿಯಮಗಳು 13 ದ್ರಾಕ್ಷಿ ತಳಿಗಳಿಗೆ ಅವಕಾಶ ನೀಡುತ್ತವೆಯಾದರೂ, ಇಲ್ಲಿನ ಹೆಚ್ಚಿನ ಕೆಂಪು ವೈನ್‌ಗಳಲ್ಲಿ ಸಿಂಹಪಾಲು ಗ್ರೆನಾಶ್ ತಳಿಯದೇ. ಗ್ರೆನಾಶ್ ಮಾಗಿದ ಹಣ್ಣಿನ ಸವಿಯನ್ನೂ ಮದ್ಯಸಾರದ ಬಿಸುಪನ್ನೂ ಕೊಟ್ಟರೆ, ಸಿರಾ ಗಾಢ ಬಣ್ಣವನ್ನೂ ಕಾಳುಮೆಣಸಿನ ಘಾಟನ್ನೂ, ಮೂರ್ವೆದ್ರ್ ಒಗರನ್ನೂ ಬಾಳಿಕೆಯನ್ನೂ ಸೇರಿಸುತ್ತದೆ.

ಬಿಸಿಲನ್ನು ಹೀರಿ ರಾತ್ರಿ ಶಾಖ ಬಿಡುವ ಇಲ್ಲಿನ ದುಂಡುಗಲ್ಲುಗಳ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಆದರೆ ಅತ್ಯಂತ ನಯವಾದ ಕೆಲವು ವೈನ್‌ಗಳು ಮರಳು ನೆಲದಿಂದಲೇ ಬರುತ್ತವೆ ಎಂಬುದನ್ನು ಮಾರಾಟಗಾರರು ಅಷ್ಟಾಗಿ ಹೇಳುವುದಿಲ್ಲ. ಮಿಸ್ತ್ರಾಲ್ ಎಂಬ ಒಣ ಗಾಳಿ ಗೊಂಚಲುಗಳ ತೇವವನ್ನು ಆರಿಸಿ ಶಿಲೀಂಧ್ರ ರೋಗಗಳನ್ನು ತಡೆಯುತ್ತದೆ. ಕೊಯ್ಲು ಕೈಯಿಂದಲೇ ನಡೆಯಬೇಕೆಂಬುದು ಕಡ್ಡಾಯ.

ನಾನು ಸವಿದ, ಕೆಲವು ವರ್ಷ ಮಾಗಿದ ಬಾಟಲಿಯ ವೈನ್‌ನ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮೊದಲು ರಾಸ್ಪ್‌ಬೆರಿ, ಆಮೇಲೆ ಒಣಗಿದ ಗಿಡಮೂಲಿಕೆ, ಕೊನೆಗೆ ಚರ್ಮದಂಥ ಗಂಧ ಬಂತು. ಮದ್ಯಸಾರ ಶೇ 15ರಷ್ಟಿದ್ದುದರಿಂದ, ಲೋಟ ಬೆಚ್ಚಗಾದಂತೆ ಹಣ್ಣಿನ ಸವಿ ಹಿಂದೆ ಸರಿದು ಗಂಟಲಿನ ಉರಿಯೇ ಮುಂದಾಯಿತು. ಆದ್ದರಿಂದ ಇದನ್ನು 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಡಿಸುವುದು ಒಳಿತು. ಬೆಲೆಯಲ್ಲಿ ಊರಿನ ಹೆಸರಿನ ಪಾಲೂ ಸಾಕಷ್ಟಿದೆ. ಇದೇ ಬಗೆಯ ಮಿಶ್ರಣವನ್ನು ಕಡಿಮೆ ಖರ್ಚಿನಲ್ಲಿ ಬಯಸುವವರು ನೆರೆಯ ಜಿಗೊಂಡಾಸ್ ಮತ್ತು ವಾಕೆರಾಸ್ ವೈನ್‌ಗಳನ್ನು ಮೊದಲು ನೋಡಬಹುದು.