ಕ್ಲೈಂಟ್ ಕೈಗೆ ಸೈಟ್ ಒಪ್ಪಿಸುವಾಗ: ಮೂರು ದಾರಿ ನೋಡಿದೆ, ಒಂದರಲ್ಲಿ ನಿಂತೆ

ಸೈಟ್ ಮಾಡಿಕೊಟ್ಟ ಮೇಲೆ ಕ್ಲೈಂಟೇ ಅದರಲ್ಲಿ ಬರೆದು ಹಾಕಿಕೊಳ್ಳಬೇಕು ಅಂದರೆ ಯಾವುದರಲ್ಲಿ ಕಟ್ಟುವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವರ್ಡ್‌ಪ್ರೆಸ್‌ಗೆ, ಅಂದರೆ ಕೋಡ್ ಬರೆಯದೆ ಸೈಟಿಗೆ ವಿಷಯ ಹಾಕಲು ಬಿಡುವ ತಂತ್ರಾಂಶಕ್ಕೆ. ಅದೂ ಬರೀ ವರ್ಡ್‌ಪ್ರೆಸ್ ಅಲ್ಲ, ಕ್ಲೈಂಟ್ ಮುಂದೆ ನಾಲ್ಕೈದೇ ಖಾನೆ ಕಾಣುವ ಹಾಗೆ ಬಿಗಿ ಮಾಡಿಟ್ಟ ವರ್ಡ್‌ಪ್ರೆಸ್. ಇದು ನನಗೆ ತಿಳಿಯುವಷ್ಟರಲ್ಲಿ ಒಂದು ಶಾಲೆಯ ಸೈಟು ಕೆಟ್ಟಿತ್ತು.

ಆ ಸೈಟನ್ನು ಒಂದು ಪೇಜ್ ಬಿಲ್ಡರ್‌ನಲ್ಲಿ ಮಾಡಿದ್ದೆ. ಎಳೆದು ಬಿಟ್ಟರೆ ಪುಟ ಸಿದ್ಧ, ಒಂದು ಗಂಟೆಯಲ್ಲಿ ಕಲಿಸಿಬಿಡಬಹುದು ಅಂತ. ಒಪ್ಪಿಸಿದ ದಿನ ಎಲ್ಲ ಸರಿಯಿತ್ತು. ಪುಟಕ್ಕೊಂದೇ ಎಚ್1 (ಮುಖ್ಯ ಶೀರ್ಷಿಕೆ), ಪ್ರತಿ ಚಿತ್ರಕ್ಕೂ ಆಲ್ಟ್ ಪಠ್ಯ (ಚಿತ್ರದಲ್ಲಿ ಏನಿದೆ ಅನ್ನುವ ವಿವರಣೆ), ಪುಟದ ಭಾಷೆ ಕನ್ನಡ ಅಂತ ಕೋಡ್‌ನಲ್ಲಿ ನಮೂದು. ಮೂರು ತಿಂಗಳ ನಂತರ ತೆರೆದರೆ ಸೂಚನೆಗಳ ಪುಟದಲ್ಲಿ ಒಂದಕ್ಷರ ಇಲ್ಲ. ಹದಿನಾಲ್ಕು ಫೋಟೋ ಸಾಲಾಗಿ ಕೂತಿವೆ.

ಆಫೀಸಿನ ಮೇಡಂಗೆ ಫೋನ್ ಮಾಡಿದೆ. "ಸರ್, ನಮ್ಮದೆಲ್ಲ ನುಡಿಯಲ್ಲಿ ಟೈಪ್ ಮಾಡಿರ್ತೀವಿ. ಕಾಪಿ ಮಾಡಿ ಹಾಕಿದ್ರೆ ಇಂಗ್ಲಿಷ್ ಅಕ್ಷರದ ತಲೆ ಮೇಲೆಲ್ಲ ಗೀಟು, ಚುಕ್ಕಿ ಬರುತ್ತೆ. ಅದಕ್ಕೆ ಪ್ರಿಂಟ್ ತೆಗೆದು ಫೋಟೋ ಹೊಡೆದು ಹಾಕಿದೆ" ಅಂದರು. ಅವರ ತಪ್ಪೇನೂ ಇಲ್ಲ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫಾಂಟ್‌ಗಳು ಯೂನಿಕೋಡ್ (ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲ. ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಹಾಕಿದ ಕಡೆ ಕನ್ನಡ, ಉಳಿದ ಕಡೆ ಗೊಜಲು.

ಆದರೆ ಫೋಟೋ ಹಾಕಿದರೆ, ಕಣ್ಣು ಕಾಣದ ಅಪ್ಪನೋ ಅಮ್ಮನೋ ಆ ಪುಟ ತೆರೆದಾಗ ಫೋನಿನ ಟಾಕ್‌ಬ್ಯಾಕ್‌ಗೆ ಓದಿ ಹೇಳೋಕೆ ಅಲ್ಲಿ ಪಠ್ಯವೇ ಇಲ್ಲ. ಬೇಕಾದ ಸೂಚನೆ ಹುಡುಕೋಣ ಅಂದರೆ ಅದೂ ಆಗಲ್ಲ. ದೊಡ್ಡದು ಮಾಡಿದರೆ ಮಸುಕು. ದಾಖಲಾತಿಯ ಕೊನೆ ದಿನಾಂಕ ಇದ್ದದ್ದೂ ಅಂಥದ್ದೊಂದು ಫೋಟೋದಲ್ಲೇ! ನನಗೆ ನಿಜಕ್ಕೂ ಸಂಕಟವಾಯಿತು. ಬಿಲ್ಡರ್‌ನಲ್ಲಿ ಎಲ್ಲಿ ಬೇಕಾದರೂ ಚಿತ್ರ ಇಡಬಹುದು ಅಂತ ತೋರಿಸಿಕೊಟ್ಟವನು ನಾನೇ ಅಲ್ವಾ?

ಬಣ್ಣದ್ದೂ ಅದೇ ಕಥೆ, ಬಿಳಿಯ ಮೇಲೆ ಹಳದಿ ಅಕ್ಷರ. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು ಅನ್ನುತ್ತದೆ ಡಬ್ಲ್ಯೂಸಿಎಜಿ, ಅಂದರೆ ಸೈಟನ್ನು ಎಲ್ಲರೂ ಬಳಸುವಂತೆ ಮಾಡುವ ಅಂತರರಾಷ್ಟ್ರೀಯ ಮಾರ್ಗಸೂಚಿ. ಯಾರೋ ಲೈನ್ ಹೈಟ್ (ಸಾಲುಗಳ ಅಂತರ) ಕಡಿಮೆ ಮಾಡಿ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿತ್ತು.

ಎರಡನೆಯ ದಾರಿ ಇಲೆವೆಂಟಿ (ಫೈಲುಗಳಿಂದ ಸೈಟಿನ ಪುಟಗಳನ್ನು ತಯಾರಿಸುವ ಸಾಧನ) ಜೊತೆ ಡೆಕ್ಯಾಪ್ ಸಿಎಂಎಸ್ (ಆ ಫೈಲುಗಳನ್ನು ಬ್ರೌಸರಿನಲ್ಲೇ ತಿದ್ದುವ ಸಾಧನ), ಇನ್ನೊಬ್ಬ ಕ್ಲೈಂಟ್‌ಗೆ. ಕ್ಲೈಂಟ್ ಬರೆದದ್ದು ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಪಠ್ಯ) ಆಗಿ ಗಿಟ್‌ನಲ್ಲಿ (ಫೈಲುಗಳ ಪ್ರತಿ ಬದಲಾವಣೆಯನ್ನೂ ಉಳಿಸಿಡುವ ವ್ಯವಸ್ಥೆ) ಉಳಿಯುತ್ತದೆ, ಡೇಟಾಬೇಸ್ ಬೇಡ, ಕೋಡ್ ಅಚ್ಚುಕಟ್ಟು. ನನ್ನ ಸ್ವಂತ ಸೈಟಿಗೆ ಇದನ್ನೇ ಇಟ್ಟಿದ್ದೇನೆ. ಆದರೆ ಅಂಗಡಿ ನೋಡಿಕೊಳ್ಳುವವರಿಗೆ ಗಿಟ್‌ಹಬ್ ಖಾತೆ ಮಾಡಿಸಿ ಕೊಡುವುದು ಕಷ್ಟ. ಉಳಿಸಿದ ಮೇಲೆ ಸೈಟ್ ಮತ್ತೆ ಬಿಲ್ಡ್ ಆಗಬೇಕು. ಆ ಒಂದೆರಡು ನಿಮಿಷದಲ್ಲೇ "ಹಾಕಿದ್ದು ಕಾಣ್ತಿಲ್ಲ" ಅಂತ ಫೋನು ಬರುತ್ತದೆ.

ಮೂರನೆಯದು ಬಿಗಿ ಮಾಡಿದ ವರ್ಡ್‌ಪ್ರೆಸ್, ಶಾಲೆಯ ಸೈಟನ್ನು ಕೊನೆಗೆ ಅದರಲ್ಲೇ ಹೀಗೆ ಕಟ್ಟಿದೆ. ಸೂಚನೆಗೆ ಐದು ಖಾನೆ: ಶೀರ್ಷಿಕೆ, ದಿನಾಂಕ, ವಿಷಯ, ಫೋಟೋ, ಫೋಟೋದಲ್ಲಿ ಏನಿದೆ. ಫೋಟೋ ಹಾಕಿದರೆ ಕೊನೆಯ ಖಾನೆ ತುಂಬದೆ ಸೂಚನೆ ಪ್ರಕಟವಾಗಲ್ಲ. ವಿಷಯದ ಖಾನೆಯಲ್ಲಿ ಬರೀ ಪಠ್ಯ, ಚಿತ್ರಕ್ಕೆ ಜಾಗವಿಲ್ಲ. ಎಚ್1, ಎಚ್2 ಎಲ್ಲ ನನ್ನ ಟೆಂಪ್ಲೇಟ್ ಹಾಕಿಕೊಳ್ಳುತ್ತದೆ. ಮಾಮೂಲಿ ಪುಟಗಳಲ್ಲಿ ಮನಸ್ಸಿಗೆ ಬಂದ ಬಣ್ಣ ಆರಿಸುವುದನ್ನು ಥೀಮ್ ಫೈಲಿನಲ್ಲೇ ನಿಲ್ಲಿಸಿದೆ. ಮೇಡಂಗೆ ಕೊಟ್ಟಿದ್ದು ಎಡಿಟರ್ ಪಾತ್ರ. ಥೀಮು (ಸೈಟಿನ ವಿನ್ಯಾಸ), ಪ್ಲಗಿನ್ (ಹೆಚ್ಚುವರಿ ಸೌಲಭ್ಯಗಳು) ಅವರ ಕಣ್ಣಿಗೇ ಬೀಳಲ್ಲ.

ನುಡಿಗೆ ಒಂದು ಸಣ್ಣ ಕೋಡ್ ಬರೆದೆ. ಗೀಟು, ಚುಕ್ಕಿ ಇರುವ ಲ್ಯಾಟಿನ್ ಅಕ್ಷರಗಳು ಇಪ್ಪತ್ತಕ್ಕಿಂತ ಜಾಸ್ತಿ ಕಂಡರೆ ಕೆಂಪು ಪಟ್ಟಿ ಬರುತ್ತದೆ: "ಇದು ನುಡಿಯ ಹಳೆ ಅಕ್ಷರ. ಮೊದಲು ಯೂನಿಕೋಡ್ ಮಾಡಿ." ಪಕ್ಕದಲ್ಲೇ ಪರಿವರ್ತಕದ ಕೊಂಡಿ. ಇಷ್ಟಕ್ಕೆ ನನಗೆ ಮೂರು ದಿನ ಜಾಸ್ತಿ ಹಿಡಿಯಿತು, ಅದರ ದುಡ್ಡು ಕೇಳಲಿಲ್ಲ. ಪೇಜ್ ಬಿಲ್ಡರ್ ದಿನಗಳಲ್ಲಿ ಸುಮ್ನೆ ರಿಪೇರಿಗೆ ಕೂತ ಭಾನುವಾರಗಳು ಅದಕ್ಕಿಂತ ಜಾಸ್ತಿ.

ನಾನು ಒಬ್ಬನೇ ಕೆಲಸ ಮಾಡುವವನು. ಕ್ಲೈಂಟ್‌ಗಳೆಲ್ಲ ಶೇರ್ಡ್ ಹೋಸ್ಟಿಂಗ್ (ಹಲವು ಸೈಟುಗಳು ಹಂಚಿಕೊಳ್ಳುವ ಅಗ್ಗದ ಸರ್ವರ್) ಬಜೆಟ್ಟಿನವರು, ತಿಂಗಳ ನಿರ್ವಹಣೆಗೆ ದುಡ್ಡು ಕೊಡಲ್ಲ. ಹಾಗಾಗಿ ನನಗೆ ಇದೇ ಸರಿ. ಕ್ಲೈಂಟ್ ಆಫೀಸಿನಲ್ಲಿ ಗಿಟ್ ಗೊತ್ತಿರುವ ಒಬ್ಬರಿದ್ದರೆ ಮಾತ್ರ ಎರಡನೆಯದನ್ನು ಹೇಳುತ್ತೇನೆ.

ಮೊನ್ನೆ ಮೇಡಂ ಫೋನ್ ಮಾಡಿದ್ದರು. "ಸರ್, ಕ್ರೀಡಾ ದಿನದ ಫೋಟೋ ಹಾಕ್ತಿದ್ದೀನಿ. ಏನಿದೆ ಅನ್ನೋ ಖಾನೆಯಲ್ಲಿ ಬರೀ ಕ್ರೀಡಾ ದಿನ ಅಂದ್ರೆ ಸಾಕಾ, ಇಲ್ಲ ಹುಡುಗಿಯರು ಹಗ್ಗ ಎಳೀತಿದ್ದಾರೆ ಅಂತ ಬರೀಲಾ?" ಹಗ್ಗ ಎಳೆಯುವುದನ್ನೇ ಬರೆಯಿರಿ ಮೇಡಂ ಅಂದೆ.