ಕುಲುಮೆ ಹೊತ್ತಿಸುವವರು ಯಾರೆಂದು ಕೇಳದೆ ಶಿಲ್ಪಕಲೆಗೆ ಸೇರಬೇಡಿ

ಶಿಲ್ಪಕಲೆಯಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಲು ಹೊರಟವರು ಇದನ್ನು ಒಮ್ಮೆ ಓದಲಿ ಎಂದು ಬರೆಯುತ್ತಿದ್ದೇನೆ. ಎರಡು ವರ್ಷದ ಎಂ.ಎಫ್.ಎ. ಮುಗಿಸಿ ಹೊರಬರುವಾಗ ಪದವಿಯ ಜೊತೆಗೆ ಒಂದು ಅಲರ್ಜಿಯನ್ನೂ ಹೊತ್ತು ತಂದೆ. ನಾನಿರುವ ಕೋಣೆಯಲ್ಲಿ ಯಾರಾದರೂ ಎಪಾಕ್ಸಿ ರಾಳದ (ಗಟ್ಟಿಕಾರಕ ಬೆರೆಸಿದರೆ ಗಟ್ಟಿಯಾಗುವ ಕೃತಕ ಅಂಟುದ್ರವದ) ಡಬ್ಬಿ ತೆರೆದರೆ ಸಾಕು, ಸಂಜೆಯ ಹೊತ್ತಿಗೆ ಕಣ್ಣಿನ ರೆಪ್ಪೆಗಳು ಊದಿಕೊಂಡಿರುತ್ತವೆ. ಒಮ್ಮೆ ಅಂಟಿದ ಈ ಅಲರ್ಜಿ ಸಾಮಾನ್ಯವಾಗಿ ಜೀವಮಾನವಿಡೀ ಬಿಡುವುದಿಲ್ಲ.

ನಾನು ಸೇರಿದ್ದು ಕಂಚಿನ ಎರಕ ಕಲಿಯಲು. ಸಂಸ್ಥೆಯ ಪರಿಚಯ ಪುಸ್ತಿಕೆಯಲ್ಲಿ ಇಡೀ ಪುಟದ ಚಿತ್ರವೊಂದಿತ್ತು: ಇಬ್ಬರು ವಿದ್ಯಾರ್ಥಿಗಳು ಇಕ್ಕಳದಲ್ಲಿ ಮೂಸೆ ಹಿಡಿದು ಕೆಂಡದ ಬಣ್ಣದ ಲೋಹವನ್ನು ಅಚ್ಚಿಗೆ ಹೊಯ್ಯುತ್ತಿದ್ದರು. ಆ ಒಂದು ಚಿತ್ರ ನೋಡಿ ನಾನು ಉಳಿದ ಅರ್ಜಿಗಳನ್ನೆಲ್ಲ ಕೈಬಿಟ್ಟೆ. ಹಳೆಯ ಶಿಲ್ಪಶಾಸ್ತ್ರ ಮಧೂಚ್ಛಿಷ್ಟ ಎಂದು ಕರೆಯುವ ವಿಧಾನ, ಅಂದರೆ ಮೇಣದಲ್ಲಿ ರೂಪ ಮಾಡಿ, ಅದರ ಸುತ್ತ ಅಚ್ಚು ಕಟ್ಟಿ, ಮೇಣವನ್ನು ಕರಗಿಸಿ ತೆಗೆದು, ಖಾಲಿಯಾದ ಜಾಗಕ್ಕೆ ಲೋಹ ಹೊಯ್ಯುವುದು, ನನ್ನ ಬಹುಕಾಲದ ಆಸೆಯಾಗಿತ್ತು. ಸೇರಿದ ಮೊದಲ ವಾರವೇ ಮೇಣದಲ್ಲಿ ಒಂದು ಪುಟ್ಟ ತಲೆ ಮಾಡಿಕೊಂಡು ಕುಲುಮೆಯ ಕೋಣೆಗೆ ಹೋದೆ.

ಕುಲುಮೆಯ ಮುಚ್ಚಳದ ಮೇಲೆ ಪ್ಲಾಸ್ಟರ್ ಚೀಲಗಳನ್ನು ಪೇರಿಸಿದ್ದರು. ಕೆಳಗಿನ ಚೀಲ ತೇವ ಹೀರಿ ಕಲ್ಲಾಗಿತ್ತು. ಎತ್ತಲು ನೋಡಿದರೆ ಕಾಗದ ಹರಿಯಿತೇ ಹೊರತು ಗಟ್ಟಿ ಅಲುಗಲಿಲ್ಲ. ಒಳಗಿನ ಇಟ್ಟಿಗೆಗಳು ಬಿರುಕು ಬಿಟ್ಟಿದ್ದವು. ಕುಲುಮೆ ನಡೆಸುತ್ತಿದ್ದ ತಂತ್ರಜ್ಞರು ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದವು, ಆ ಹುದ್ದೆಗೆ ಮತ್ತೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ತರಬೇತಿ ಪಡೆದವರಿಲ್ಲದೆ ಅದನ್ನು ಹೊತ್ತಿಸುವಂತಿಲ್ಲ ಎಂಬ ನಿಯಮ ಮಾತ್ರ ಇತ್ತು. ಆ ನಿಯಮ ಸರಿಯಾದದ್ದೇ. ಹೊಯ್ಯುವಾಗ ಕಂಚು ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಚ್ಚಿನಲ್ಲಿ ಒಂದಿಷ್ಟು ತೇವ ಉಳಿದಿದ್ದರೂ ಅದು ಕ್ಷಣದಲ್ಲಿ ಹಬೆಯಾಗಿ ಲೋಹವನ್ನು ಹೊರಗೆ ಸಿಡಿಸುತ್ತದೆ. ನನ್ನ ಸಿಟ್ಟಿರುವುದು ತಣ್ಣಗಾದ ಕುಲುಮೆಯ ಚಿತ್ರವನ್ನು ವರ್ಷ ವರ್ಷವೂ ಅಚ್ಚು ಹಾಕಿ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದುದರ ಮೇಲೆ.

"ಕಂಚಿನ ಪುಡಿ ಬೆರೆಸಿದ ರಾಳದಲ್ಲಿ ಮಾಡಿ, ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ" ಎಂದರು ಮಾರ್ಗದರ್ಶಕರು. ನೋಡುವವರಿಗೆ ತಿಳಿಯದಿರಬಹುದು. ಆದರೆ ಕಂಚು ನೀರಿಗಿಂತ ಎಂಟು ಪಟ್ಟಿಗೂ ಹೆಚ್ಚು ತೂಕದ್ದು, ರಾಳ ನೀರಿಗಿಂತ ತುಸುವೇ ಹೆಚ್ಚು. ಎತ್ತಿದ ಕೈಗೆ ಆ ಸುಳ್ಳು ಕೂಡಲೇ ತಿಳಿಯುತ್ತದೆ. ಅವರು ಒಳ್ಳೆಯ ಗುರುಗಳು, ರೂಪದ ಬಗ್ಗೆ ಅವರಿಂದ ಕಲಿತದ್ದು ಬಹಳ. ವಸ್ತುವಿನ ಅಪಾಯದ ಬಗ್ಗೆ ಮಾತ್ರ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲು ಪಾಲಿಯೆಸ್ಟರ್ ರಾಳ ಬಳಸಿದೆ. ಅದರಿಂದ ಏಳುವ ಸ್ಟೈರೀನ್ ಆವಿಯ ವಾಸನೆ ತಲೆ ಸುತ್ತಿಸುತ್ತದೆ. ಕೋಣೆಗೆ ಒಂದೇ ಕಿಟಕಿ. ಮೂಲೆಯ ಫ್ಯಾನು ಆವಿಯನ್ನು ಹೊರಗೆ ಹಾಕದೆ ಅಲ್ಲಲ್ಲೇ ತಿರುಗಿಸುತ್ತಿತ್ತು. ಮುಖಕ್ಕೆ ದೂಳಿನ ಮಾಸ್ಕ್ ಕಟ್ಟಿಕೊಂಡು ನಿಶ್ಚಿಂತೆಯಿಂದಿದ್ದೆ. ದೂಳಿನ ಮಾಸ್ಕ್ ದೂಳನ್ನು ತಡೆಯುತ್ತದೆ, ಆವಿಯನ್ನಲ್ಲ. ಆವಿಗೆ ಸಕ್ರಿಯ ಇದ್ದಿಲಿನ ಕಾರ್ಟ್ರಿಜ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು, ಇಡೀ ಕಾರ್ಯಾಗಾರದಲ್ಲಿ ಹೇಳುವವರೊಬ್ಬರೂ ಇರಲಿಲ್ಲ. 2018ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸ್ಟೈರೀನನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು ಎಂದು ನಾನು ಓದಿದ್ದು ಪದವಿ ಮುಗಿದ ಮೇಲೆ.

ಪಕ್ಕದವರು ವಾಸನೆ ತಾಳಲಾರದೆ ದೂರು ಕೊಟ್ಟಾಗ ಎಪಾಕ್ಸಿಗೆ ಬದಲಾಯಿಸಿದೆ. ಎಪಾಕ್ಸಿಗೆ ವಾಸನೆ ಕಡಿಮೆ. ವಾಸನೆಯಿಲ್ಲ ಎಂದರೆ ಅಪಾಯವಿಲ್ಲ ಎಂದುಕೊಂಡೆ. ಎಲ್ಲ ಕೆಟ್ಟದ್ದು ಅಲ್ಲಿಂದಲೇ. ತೆಳುವಾದ ಲ್ಯಾಟೆಕ್ಸ್ ಕೈಗವಸು ಹಾಕುತ್ತಿದ್ದೆ. ಎಪಾಕ್ಸಿಗೆ ಅದು ಸಾಲುವುದಿಲ್ಲ, ನೈಟ್ರೈಲ್ ಕೈಗವಸನ್ನೇ ಹಾಕಿ ಪದೇ ಪದೇ ಬದಲಿಸಬೇಕು. ಅದಕ್ಕಿಂತ ದೊಡ್ಡ ತಪ್ಪೆಂದರೆ ಕೈಗೆ ಮೆತ್ತಿದ ರಾಳವನ್ನು ಅಸಿಟೋನಿನಿಂದ ಒರೆಸುತ್ತಿದ್ದುದು. ಅಸಿಟೋನ್ ಚರ್ಮದ ಎಣ್ಣೆಯಂಶವನ್ನು ತೊಳೆದು, ಕರಗಿದ ರಾಳಕ್ಕೆ ಒಳಗೆ ಹೋಗಲು ದಾರಿ ಮಾಡಿಕೊಡುತ್ತದೆ. ನಾಲ್ಕನೆಯ ತಿಂಗಳು ಬೆರಳುಗಳ ಸಂದಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಆಮೇಲೆ ಮಣಿಕಟ್ಟು, ಕತ್ತು, ಕೊನೆಗೆ ಕಣ್ಣಿನ ರೆಪ್ಪೆ. ದೇಹ ಒಮ್ಮೆ ಆ ವಸ್ತುವನ್ನು ಶತ್ರುವೆಂದು ಗುರುತಿಸಿಕೊಂಡ ಮೇಲೆ ಎಳ್ಳಷ್ಟು ತಾಗಿದರೂ ಕೆರಳುತ್ತದೆ.

ಇದು ನನ್ನೊಬ್ಬರ ಎಡವಟ್ಟು ಎಂದು ತಳ್ಳಿಹಾಕಬೇಡಿ. ಬಣ್ಣಬಣ್ಣದ ಬೃಹತ್ ಸ್ತ್ರೀಶಿಲ್ಪಗಳನ್ನು ಮಾಡಿದ ನಿಕಿ ದ ಸೇಂಟ್ ಫಾಲ್ ಪಾಲಿಯೆಸ್ಟರ್‌ನ ಆವಿ ಮತ್ತು ದೂಳಿನಿಂದ ಶ್ವಾಸಕೋಶ ಕೆಡಿಸಿಕೊಂಡು, 2002ರಲ್ಲಿ ತೀರಿಕೊಳ್ಳುವವರೆಗೂ ಉಸಿರಾಟದ ತೊಂದರೆಯಿಂದ ಬಳಲಿದರು. ನಮ್ಮ ತರಗತಿಯಲ್ಲಿ ಅವರ ಕೃತಿಗಳ ಸ್ಲೈಡುಗಳನ್ನು ತೋರಿಸಿದ್ದರು, ಈ ಸಂಗತಿ ಅಲ್ಲಿ ಬರಲೇ ಇಲ್ಲ. ಕಲ್ಲು ಕೆತ್ತುವವರ ಕಥೆ ಇನ್ನೂ ಘೋರ. ನನ್ನ ಸಹಪಾಠಿಯೊಬ್ಬರು ಗ್ರಾನೈಟನ್ನು ನೀರು ಹಾಯಿಸದೆ ಗ್ರೈಂಡರಿನಿಂದ ಕೊಯ್ಯುತ್ತಿದ್ದರು. ಬಿಸಿಲು ಬಿದ್ದಾಗ ಗಾಳಿಯಲ್ಲಿ ಆ ಪುಡಿ ಮಿನುಗುತ್ತಿತ್ತು. ಅದರಲ್ಲಿರುವ ಸ್ಫಟಿಕ ಸಿಲಿಕಾದ ಅತಿ ಸಣ್ಣ ಕಣಗಳು ಕಣ್ಣಿಗೇ ಕಾಣವು, ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಕೂರುತ್ತವೆ. ಇದರಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಹೆಚ್ಚಾಗಿ ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ, ಅದನ್ನು ಗುಣಪಡಿಸುವ ಔಷಧವಿಲ್ಲ.

ಆದ್ದರಿಂದ ಸೇರುವ ಮುನ್ನ ಕಾರ್ಯಾಗಾರವನ್ನು ಕಣ್ಣಾರೆ ನೋಡಿ. ಪದವಿ ಪ್ರದರ್ಶನದ ದಿನ ಬೇಡ, ಅಂದು ಎಲ್ಲವನ್ನೂ ಗುಡಿಸಿ ಸುಣ್ಣ ಬಳಿದಿರುತ್ತಾರೆ. ಯಾವುದಾದರೂ ಸಾಮಾನ್ಯ ಕೆಲಸದ ದಿನ ಹೋಗಿ. ಕುಲುಮೆ ಕೊನೆಯ ಸಲ ಹೊತ್ತಿದ್ದು ಯಾವಾಗ, ಹೊತ್ತಿಸಿದವರು ಯಾರು, ಅವರು ಈಗಲೂ ಕೆಲಸದಲ್ಲಿದ್ದಾರೆಯೇ ಎಂದು ಕೇಳಿ. ಆವಿ ಹೀರುವ ಯಂತ್ರವಿದ್ದರೆ ಅದನ್ನು ಚಾಲೂ ಮಾಡಿಸಿ, ಯಂತ್ರದ ಬಾಯಿಗೆ ಒಂದು ಕಾಗದದ ಚೂರು ಹಿಡಿದು, ಅದನ್ನು ಹೀರಿಕೊಳ್ಳುತ್ತದೆಯೇ ನೋಡಿ. ಉತ್ತರ ಪ್ರಾಧ್ಯಾಪಕರಿಂದಲ್ಲ, ಎರಡನೆಯ ವರ್ಷದ ವಿದ್ಯಾರ್ಥಿಗಳಿಂದ ಬರಲಿ. ಅವರನ್ನು ಒಂಟಿಯಾಗಿ ಸಿಕ್ಕಾಗ ಕೇಳಿ. ಭಾರ ಎತ್ತುವ ಸರಪಳಿ ರಾಟೆಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸುತ್ತಾರೆ ಎಂಬುದನ್ನೂ ಕೇಳಿ. 2006ರಲ್ಲಿ ಅಮೆರಿಕದ ಶಿಲ್ಪಿ ಲೂಯಿಸ್ ಹಿಮೆನೆಸ್ ತಮ್ಮದೇ ಸ್ಟುಡಿಯೊದಲ್ಲಿ, ತಾವೇ ಮಾಡುತ್ತಿದ್ದ ಬೃಹತ್ ಕುದುರೆಯ ಒಂದು ಭಾಗ ಮೈಮೇಲೆ ಬಿದ್ದು ಸತ್ತರು.

ಈಗಾಗಲೇ ಸೇರಿ ರಾಳದ ಕೆಲಸ ಮಾಡುತ್ತಿರುವವರಿಗೆ ಒಂದು ಮಾತು. ಮೊದಲ ತುರಿಕೆ ಕಂಡ ದಿನವೇ ಕೆಲಸ ನಿಲ್ಲಿಸಿ ಚರ್ಮವೈದ್ಯರ ಬಳಿ ಹೋಗಿ. ಹೋಗುವಾಗ ರಾಳ ಮತ್ತು ಗಟ್ಟಿಕಾರಕ ಎರಡರ ಸುರಕ್ಷತಾ ಮಾಹಿತಿ ಹಾಳೆಯನ್ನೂ ಒಯ್ಯಿರಿ, ಪ್ಯಾಚ್ ಪರೀಕ್ಷೆ (ಶಂಕಿತ ವಸ್ತುವನ್ನು ಚರ್ಮಕ್ಕೆ ಅಂಟಿಸಿ ಅಲರ್ಜಿ ಇದೆಯೇ ಎಂದು ನೋಡುವುದು) ಮಾಡುವವರಿಗೆ ಅದು ಬೇಕಾಗುತ್ತದೆ. ನಾನು ಬರಿಗೈಯಲ್ಲಿ ಹೋಗಿದ್ದೆ, ಏನು ಕೆಲಸ ಮಾಡುತ್ತೀರಿ ಎಂದಾಗ ವಿದ್ಯಾರ್ಥಿ ಎಂದಷ್ಟೇ ಹೇಳಿದ್ದೆ. ವೈದ್ಯರು ಸಾಬೂನು ಬದಲಿಸಲು ಹೇಳಿ ಮುಲಾಮು ಬರೆದುಕೊಟ್ಟರು. ಆ ಮುಲಾಮು ಹಚ್ಚಿಕೊಂಡು ಇನ್ನೂ ಮೂರು ವಾರ ಅದೇ ಕೋಣೆಯಲ್ಲಿ ಎಪಾಕ್ಸಿ ಕಲಸಿದೆ.